ಆಂಟಿಬಯೋಟಿಕ್ ಮಾತ್ರೆ ಚರ್ಮದ ತನಕ ಹೋಗತ್ತಾ? ಪದೇ ಪದೇ ಕೇಳೋ ಪ್ರಶ್ನೆಗಳು

ಚಿಂತಾಮಣಿಯಲ್ಲಿ ನಂದು ಮೆಡಿಕಲ್ ಶಾಪ್, ಕೌಂಟರ್ ಹಿಂದೆ ನಿಂತು ಹದಿನೇಳು ವರ್ಷ ಆಯ್ತು. ಬರೋರು ಜಾಸ್ತಿ ಟೊಮೆಟೊ ತೋಟದೋರು, ಹಸು ಕಟ್ಟಿರೋರು, ಶಿಡ್ಲಘಟ್ಟದ ಕಡೆ ಬಿಸಿನೀರಿಗೆ ಕೈ ಹಾಕಿ ರೇಷ್ಮೆ ನೂಲು ತೆಗೆಯೋರು, ಹಂಗಾಗಿ ಕಾಲಿಗೆ ಮುಳ್ಳು, ಕೈಗೆ ಕುಡುಗೋಲು, ಉಗುರುಸುತ್ತು, ಕುರು, ಇವೇ ದಿನಾ ನೋಡೋದು. ಎಲ್ಲರೂ ತಿರುಗಿಸಿ ಮುರುಗಿಸಿ ಕೇಳೋದು ಒಂದೇ, ಮಾತ್ರೆ ತಗೊಂಡೆ, ಗಾಯ ಯಾಕೆ ಮಾಯ್ತಿಲ್ಲ ಅಂತ. ಕೌಂಟರಲ್ಲೂ ಫೋನಲ್ಲೂ ಮತ್ತೆ ಮತ್ತೆ ಬಂದಿರೋ ಪ್ರಶ್ನೆಗಳನ್ನ ಕೇಳಿದೋರ ಮಾತಲ್ಲೇ ಇಲ್ಲಿ ಹಾಕಿದ್ದೀನಿ. ಯಾವ ಮಾತ್ರೆ, ಎಷ್ಟು ದಿನ ಅನ್ನೋದನ್ನ ನಿಮ್ಮ ಗಾಯ ಕಣ್ಣಾರೆ ನೋಡಿದ ಡಾಕ್ಟರೇ ಹೇಳ್ಬೇಕು, ನಾನು ಹೇಳೋದು ಅದು ಒಳಗೆ ಹೆಂಗೆ ಓಡಾಡತ್ತೆ ಅಂತ ಅಷ್ಟೇ.

ಮೊದಲಿಗೆ ಎಲ್ಲರೂ ಕೇಳೋದು

ಗಾಯ ಇರೋದು ಕಾಲಲ್ಲಿ, ಮಾತ್ರೆ ನುಂಗೋದು ಬಾಯಲ್ಲಿ, ಅದು ಅಲ್ಲಿಗೆ ಹೆಂಗೆ ಹೋಗತ್ತೆ?

ನಿಮ್ಮ ತೋಟದ ಡ್ರಿಪ್ ನೆನೆಸ್ಕೊಳ್ಳಿ. ಗೊಬ್ಬರನ ಬೋರ್ ಹತ್ರ ಟ್ಯಾಂಕಲ್ಲಿ ಕಲಸ್ತೀರ, ಅದು ಮೇನ್ ಲೈನ್ ಹಿಡಿದು ಸಣ್ಣ ಪೈಪಿಗಿಳಿದು ಒಂದೊಂದು ಗಿಡದ ಬುಡಕ್ಕೂ ತೊಟ್ಟಿಕ್ಕತ್ತೆ. ಮಾತ್ರೆನೂ ಹಂಗೆ, ಕರುಳಲ್ಲಿ ಕರಗಿ ಲಿವರ್ ದಾಟಿ ರಕ್ತಕ್ಕೆ ಸೇರತ್ತೆ, ಹೃದಯ ಅದನ್ನ ಮೈಯೆಲ್ಲಾ ತಳ್ಳತ್ತೆ. ಗಾಯ ಎಲ್ಲಿದೆ ಅಂತ ಮಾತ್ರೆಗೆ ಗೊತ್ತಿರಲ್ಲ, ಎಲ್ಲಾ ಕಡೆ ಹೋಗತ್ತೆ, ಕರುಳಲ್ಲಿರೋ ಒಳ್ಳೇ ಬ್ಯಾಕ್ಟೀರಿಯಾನೂ ಹೊಡೆಯತ್ತೆ, ಅದಕ್ಕೇ ಕೆಲವರಿಗೆ ಭೇದಿ ಆಗೋದು.

ಚರ್ಮದ ಮೇಲ್ಪದರದಲ್ಲಿ ರಕ್ತನಾಳನೇ ಇಲ್ಲ. ಅದರ ಕೆಳಗಿನ ಪದರದಲ್ಲಿ ಕೂದಲೆಳೆಗಿಂತ ಸಣ್ಣ ರಕ್ತನಾಳಗಳು ಬಲೆ ಥರ ಹರಡ್ಕೊಂಡಿರ್ತವೆ, ಔಷಧಿ ಅಲ್ಲಿಂದ ಒಸರಿ ಜೀವಕೋಶಗಳ ಸಂದಿಲಿರೋ ನೀರಿಗೆ ಬರತ್ತೆ. ಕುರು, ಕೆಂಪು ಬಾವು ಇವನ್ನೆಲ್ಲಾ ಮಾಡೋ ಬ್ಯಾಕ್ಟೀರಿಯಾ ಹೆಚ್ಚಾಗಿ ಕೂತಿರೋದೂ ಆ ಸಂದಿ ನೀರಲ್ಲೇ. ಅಂದ್ರೆ ರಕ್ತ ಎಲ್ಲಿ ತನಕ ಹೋಗತ್ತೋ ಮಾತ್ರೆನೂ ಅಲ್ಲಿ ತನಕನೇ, ಅಲ್ಲಿಂದಾಚೆಗೆ ಬರೀ ಒಸರಿಕೊಂಡು ಹೋದಷ್ಟು. ಕೆಳಗಿನ ಉತ್ತರಗಳೆಲ್ಲಾ ಈ ಮಾತಿನ ಮೇಲೇ ನಿಂತಿರೋದು.

ಕ್ಯಾಪ್ಸೂಲ್ ಬಿಚ್ಚಿ ಪುಡಿನ ಗಾಯದ ಮೇಲೇ ಉದುರಿಸಿದ್ರೆ ಇನ್ನೂ ಒಳ್ಳೇದಲ್ವಾ?

ದಯವಿಟ್ಟು ಬೇಡ. ಹೋದ ಮಳೆಗಾಲದಲ್ಲಿ ಒಬ್ಬ ಹುಡುಗ ಬಂದಿದ್ದ, ಮೊಣಕಾಲ ಕೆಳಗೆ ಗಾಯ, ಅದರ ಮೇಲೆ ಹಳದಿ ಪುಡಿ ಗಟ್ಟಿಯಾಗಿ ಮುದ್ದೆ ಥರ ಒಣಗಿತ್ತು, ಅಂಚಲ್ಲಿ ಸ್ವಲ್ಪ ಎತ್ತಿದ್ರೆ ಕೆಳಗೆ ಹಸೀ ಕೀವು. ಪುಡಿ ಮೇಲೆ ಕೂತು ಮುಚ್ಚಳ ಹಾಕಿದಂಗಾಗಿತ್ತು, ಒಳಗಿಂದು ಹೊರಗೆ ಬರೋಕೆ ದಾರಿನೇ ಇರಲಿಲ್ಲ. ಕ್ಯಾಪ್ಸೂಲ್ ಒಳಗೆ ಔಷಧಿ ಜೊತೆ ಬೇರೆ ಪುಡಿಗಳೂ ಇರ್ತವೆ, ಅದನ್ನೆಲ್ಲಾ ಹೊಟ್ಟೆಗೆ ಅಂತ ಮಾಡಿರೋದು, ಗಾಯಕ್ಕಲ್ಲ. ಮೇಲೆ ಹಾಕಿದ್ದು ಮೇಲೇ ಉಳಿಯತ್ತೆ, ಸೋಂಕು ಇರೋದು ಆಳದಲ್ಲಿ. ಜೊತೆಗೆ ಚರ್ಮದ ಮೇಲೆ ಹಿಂಗೆ ಹಚ್ಚಿಹಚ್ಚಿನೇ ಅಲರ್ಜಿ ಬರೋದುಂಟು, ನಿಯೋಮೈಸಿನ್ ಪುಡಿಗೆ ಚರ್ಮ ಕೆಂಪಾಗಿ ನೀರು ಸೋರೋದನ್ನ ನಾನೇ ಎಷ್ಟೋ ಸಲ ನೋಡಿದ್ದೀನಿ. ಸೋಪು ಹಾಕಿ ಹರಿಯೋ ನೀರಲ್ಲಿ ಚೆನ್ನಾಗಿ ತೊಳೀರಿ, ಶುದ್ಧವಾದ ಬಟ್ಟೆ ಕಟ್ಟಿ, ಟಿಟಿ ಆಗಿದ್ಯಾ ಕೇಳ್ಕೊಳ್ಳಿ.

ಮುಲಾಮು ಹಚ್ಕೊಂಡ್ರೆ ಸಾಕಾಗಲ್ವಾ?

ಕೆಲವಕ್ಕೆ ಸಾಕು. ಮಕ್ಕಳ ಮೂಗು ಬಾಯಿ ಸುತ್ತ ಜೇನುತುಪ್ಪ ಒಣಗಿದಂಗೆ ಪೊರೆ ಕಟ್ಟೋ ಹುಣ್ಣು ಬರತ್ತಲ್ಲ, ಅದು ಮೇಲ್ಪದರದ ಸೋಂಕು, ಒಂದೆರಡು ಕಡೆ ಮಾತ್ರ ಇದ್ರೆ 2% ಮುಪಿರೋಸಿನ್ ಮುಲಾಮೇ ಒಳ್ಳೆ ಚಿಕಿತ್ಸೆ. ಪೊರೆನ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ ತೆಗೆದು ಆಮೇಲೆ ಹಚ್ಚಿ, ಇಲ್ಲಾಂದ್ರೆ ಪೊರೆಗೆ ಹಚ್ಚಿದಂಗಾಗತ್ತೆ.

ಆದ್ರೆ ಚರ್ಮ ಇರೋದೇ ಹೊರಗಿಂದನ್ನ ಹೊರಗೇ ಇಡೋಕೆ. ಅದರ ಮೇಲಿನ ಸತ್ತ ಕೋಶಗಳ ಪದರ ಕಾಗದಕ್ಕಿಂತ ತೆಳು, ಆದ್ರೂ ಗೋಡೆ ಕಟ್ಟಿದಂಗೆ. ಔಷಧಿಯ ಅಣುತೂಕ 500 ಡಾಲ್ಟನ್‌ಗಿಂತ (ಅಣು ತೂಗೋ ಅಳತೆ) ಜಾಸ್ತಿ ಇದ್ರೆ ಒಡೆಯದ ಚರ್ಮದ ಮೂಲಕ ಇಳಿಯೋದು ಬಹಳ ಕಷ್ಟ ಅಂತ ಒಂದು ಅಂದಾಜು ನಿಯಮ ಇದೆ, 2000ದಲ್ಲಿ ಪ್ರಕಟ ಆಗಿದ್ದು, ಇವತ್ತಿಗೂ ಅದನ್ನೇ ಹೇಳ್ತಾರೆ. ಮುಪಿರೋಸಿನ್ ಸರಿಯಾಗಿ ಆ ಗಡಿ ಮೇಲಿದೆ. ಚರ್ಮ ಕಿತ್ತಿದ್ರೆ ಇಳಿಯತ್ತೆ, ಹಂಗೇ ಇದ್ರೆ ಹೆಚ್ಚುಕಮ್ಮಿ ಇಳಿಯಲ್ಲ. ಕಾಲೆಲ್ಲಾ ಕೆಂಪಾಗಿ ಬಿಸಿಯಾಗಿ ಊದ್ಕೊಂಡಿರೋದಕ್ಕೆ ಮುಲಾಮು ಹಚ್ಚೋದು ಬೇರಿಗೆ ಬಂದಿರೋ ರೋಗಕ್ಕೆ ಎಲೆ ಮೇಲೆ ಸ್ಪ್ರೇ ಹೊಡೆದಂಗೆ.

ಇಂಜೆಕ್ಷನ್ ಹಾಕಿಸಿದ್ರೆ ಬೇಗ ಹೋಗತ್ತಂತೆ, ಮಾತ್ರೆಗಿಂತ ಪವರ್ ಜಾಸ್ತಿ ಅಂತೆ?

ಎಲ್ಲದಕ್ಕೂ ಅಲ್ಲ. ಲಿನೆಜೋಲಿಡ್ ಮಾತ್ರೆ ಹೆಚ್ಚುಕಮ್ಮಿ ನೂರಕ್ಕೆ ನೂರು ರಕ್ತ ಸೇರತ್ತೆ, ಸೆಫಲೆಕ್ಸಿನ್, ಕ್ಲಿಂಡಾಮೈಸಿನ್ ಇವೂ ನೂರಕ್ಕೆ ತೊಂಬತ್ತರ ಹತ್ರ. ಅಷ್ಟು ಸೇರೋ ಔಷಧಿಗೆ ಸೂಜಿಲಿ ಹಾಕಿಸ್ಕೊಂಡ್ರೆ ಸಿಗೋದು ಸ್ವಲ್ಪ ಸಮಯ ಮಾತ್ರ. ವಾಂತಿ ಆಗ್ತಿದ್ರೆ, ಚಳಿಜ್ವರ ಬಂದು ಬಿಪಿ ಇಳಿದಿದ್ರೆ, ಸೋಂಕು ನೋಡನೋಡ್ತಿದ್ದಂಗೆ ಮೇಲೇರ್ತಿದ್ರೆ ಇಂಜೆಕ್ಷನ್ ಬೇಕೇ ಬೇಕು. ವ್ಯಾಂಕೊಮೈಸಿನ್ ಥರದವು ನುಂಗಿದ್ರೆ ಕರುಳು ದಾಟೋದೇ ಇಲ್ಲ, ಚರ್ಮದ ಸೋಂಕಿಗೆ ಅವನ್ನ ರಕ್ತನಾಳಕ್ಕೆ ಡ್ರಿಪ್ಪಲ್ಲೇ ಕೊಡ್ಬೇಕು.

ಬದನೆಕಾಯಿ ತಿಂದ್ರೆ ನಂಜಾಗತ್ತೆ, ಮಾತ್ರೆ ಕೆಲಸ ಮಾಡಲ್ಲ ಅಂತಾರೆ, ನಿಜಾನಾ?

ಬದನೆಕಾಯಿಗೂ ಆಂಟಿಬಯೋಟಿಕ್ಕಿಗೂ ಜಗಳ ಇಲ್ಲ. ಪಥ್ಯ ಅಂತ ಬೇಳೆ, ಮೊಟ್ಟೆ, ಮೊಸರು ಎಲ್ಲಾ ಬಿಡಿಸಿ ಬರೀ ಗಂಜಿ ಕೊಡ್ತಾರೆ ನೋಡಿ, ನಂಗೆ ಸಂಕಟ ಆಗೋದು ಅಲ್ಲಿ. ಹೊಸ ಚರ್ಮ ಕಟ್ಟೋಕೆ ಪ್ರೋಟೀನೇ ಬೇಕು.

ಹಂಗಾದ್ರೆ ಮುದ್ದೆ, ಹಾಲು ಇದಕ್ಕೂ ತೊಂದರೆ ಇಲ್ವಾ?

ಇಲ್ಲಿ ಸ್ವಲ್ಪ ತಡೀರಿ, ಇದು ಮಾತ್ರೆ ಮೇಲೆ ಹೋಗತ್ತೆ. ಡಾಕ್ಸಿಸೈಕ್ಲಿನ್, ಟೆಟ್ರಾಸೈಕ್ಲಿನ್, ಸಿಪ್ರೋಫ್ಲಾಕ್ಸಾಸಿನ್ ಇವು ಕ್ಯಾಲ್ಸಿಯಂ, ಕಬ್ಬಿಣ ಸಿಕ್ಕಿದ್ರೆ ಕರುಳಲ್ಲೇ ಅದನ್ನ ಕಚ್ಕೊಂಡು ಬಿಡ್ತವೆ, ಕಚ್ಕೊಂಡಿದ್ದು ರಕ್ತಕ್ಕೆ ಹೋಗಲ್ಲ, ರಕ್ತಕ್ಕೆ ಹೋಗದೇ ಇದ್ದಿದ್ದು ಚರ್ಮಕ್ಕೆಲ್ಲಿಂದ ಬರಬೇಕು. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಮೇಲೆ ಕ್ಯಾಲ್ಸಿಯಂ ಇದೆ, ಅಷ್ಟೇ ಹಾಲಲ್ಲಿರೋದು ಅದರ ಅರ್ಧಕ್ಕಿಂತ ಕಮ್ಮಿ. ಮುದ್ದೆ ಬಿಡಿ ಅಂತ ನಮ್ಮ ಕಡೆ ಯಾರಿಗೂ ಹೇಳೋಕಾಗಲ್ಲ, ನಾನು ಹೇಳೋದೂ ಇಲ್ಲ, ಮುದ್ದೆಗೂ ಈ ಮಾತ್ರೆಗೂ ಮಧ್ಯೆ ಎರಡು ಗಂಟೆ ಗ್ಯಾಪ್ ಕೊಡಿ ಅಂತೀನಿ. ಗ್ಯಾಸ್ಟ್ರಿಕ್‌ದು ಅಂತ ಕುಡಿಯೋ ಗುಲಾಬಿ ಬಣ್ಣದ ಸಿರಪ್, ಬಸುರಿಯರಿಗೆ ಕೊಡೋ ಐರನ್ ಮಾತ್ರೆ ಇವಕ್ಕೂ ಅದೇ ಲೆಕ್ಕ (ಬಸುರಿಯರಿಗೆ ಡಾಕ್ಸಿ ಕೊಡೋದೇ ಇಲ್ಲ, ಅದು ಬೇರೆ ಮಾತು). ಡಾಕ್ಸಿ ತಗೊಂಡು ಬಿಸಿಲಲ್ಲಿ ಟೊಮೆಟೊ ಬಿಡಿಸೋಕೆ ಹೋದ್ರೆ ಮುಖ ಕೈ ಸುಟ್ಟಂಗಾಗತ್ತೆ, ಉದ್ದ ತೋಳಿನ ಅಂಗಿ ಹಾಕ್ಕೊಳ್ಳಿ. ಕ್ಲಾಕ್ಸಾಸಿಲಿನ್ ಖಾಲಿ ಹೊಟ್ಟೆಗೆ, ಸೆಫ್ಯುರಾಕ್ಸಿಮ್ ಊಟದ ಜೊತೆ. ಸೆಫಲೆಕ್ಸಿನ್ ಹೆಂಗಾದ್ರೂ ಸೈ.

ದಿನಕ್ಕೆ ನಾಲ್ಕು ಸಲ ನೆನಪಿರಲ್ಲ, ಬೆಳಿಗ್ಗೆ ಎರಡು ಸಾಯಂಕಾಲ ಎರಡು ಒಟ್ಟಿಗೆ ನುಂಗ್ಲಾ?

ನಾವಾಗೇ ಹಂಗೆ ಮಾಡೋ ಹಾಗಿಲ್ಲ, ಯಾಕೆ ಅನ್ನೋಕೆ ಒಂದು ಹಳೇ ಸಂಗತಿ ಕೇಳಿ. 1941ರ ಫೆಬ್ರವರಿಲಿ ಇಂಗ್ಲೆಂಡಿನ ಆಕ್ಸ್‌ಫರ್ಡಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಅನ್ನೋ ಪೊಲೀಸಿನೋರಿಗೆ ಪೆನ್ಸಿಲಿನ್ ಕೊಟ್ರು, ಮುಖವೆಲ್ಲಾ ಸೋಂಕು ಹರಡಿ ಕೀವಾಗಿತ್ತು. ಕೆಲವೇ ದಿನಕ್ಕೆ ಗೆಲುವಾದ್ರು, ಆದ್ರೆ ಔಷಧಿ ಸಾಕಾಗಲಿಲ್ಲ, ಅವರ ಮೂತ್ರದಿಂದ ಪೆನ್ಸಿಲಿನ್ ಬೇರೆ ಮಾಡಿ ತಿರುಗಿ ಅವರಿಗೇ ಕೊಟ್ರು, ಅದೂ ಮುಗೀತು, ಸೋಂಕು ವಾಪಸ್ ಬಂದು ಮಾರ್ಚಲ್ಲಿ ತೀರ್ಕೊಂಡ್ರು. ಕಿಡ್ನಿ ಪೆನ್ಸಿಲಿನ್‌ನ ಅಷ್ಟು ಬೇಗ ಆಚೆ ಹಾಕತ್ತೆ, ಅರ್ಧ ಗಂಟೆಗೆ ರಕ್ತದಲ್ಲಿರೋದು ಅರ್ಧ ಆಗಿರತ್ತೆ. ಸೆಫಲೆಕ್ಸಿನ್‌ಗೆ ಸುಮಾರು ಒಂದು ಗಂಟೆ.

ಈ ಗುಂಪಿನ ಔಷಧಿಗಳು ಬ್ಯಾಕ್ಟೀರಿಯಾ ಕೊಲ್ಲೋದು ಎಷ್ಟು ಜೋರಾಗಿ ಬಂತು ಅನ್ನೋದ್ರಿಂದ ಅಲ್ಲ, ಎಷ್ಟು ಹೊತ್ತು ಅಲ್ಲೇ ಇತ್ತು ಅನ್ನೋದ್ರಿಂದ. ಬ್ಯಾಕ್ಟೀರಿಯಾ ತಡೆಯೋಕೆ ಬೇಕಾದ ಮಟ್ಟಕ್ಕಿಂತ ನಾಲ್ಕೈದು ಪಟ್ಟು ಆದ್ಮೇಲೆ ಇನ್ನೆಷ್ಟು ಸುರಿದ್ರೂ ಕೊಲ್ಲೋ ವೇಗ ಜಾಸ್ತಿ ಆಗಲ್ಲ. ಬೆಳಿಗ್ಗೆ ಒಂದು ಗಂಟೆ ಕೊಚ್ಚಿಕೊಂಡು ಹೋಗೋ ಹಂಗೆ ನೀರು ಬಿಟ್ಟು ಆಮೇಲೆ ಇಡೀ ದಿನ ಗಿಡ ಒಣಗಿಸಿದಂಗೆ ಅದು. ನಾಲ್ಕು ಸಲ ಆಗಲ್ಲ ಅಂದ್ರೆ ಮುಚ್ಚಿಡದೇ ಡಾಕ್ಟರಿಗೆ ಹೇಳಿ, ಎರಡು ಸಲಕ್ಕೆ ಹೊಂದೋ ಡೋಸ್ ಅಥವಾ ಬೇರೆ ಔಷಧಿ ನೋಡ್ತಾರೆ, ಡಾಕ್ಸಿ ರಕ್ತದಲ್ಲಿ ಅರ್ಧ ಇಳಿಯೋಕೇ ಹದಿನೆಂಟು ಗಂಟೆ ಮೇಲೆ ಬೇಕು.

ಮಾತ್ರೆ ಶುರು ಮಾಡಿದ ಮೇಲೆ

ಎರಡು ದಿನ ಆಯ್ತು, ಕೆಂಪು ಕಮ್ಮಿ ಆಗೋದಿರಲಿ ಇನ್ನೂ ಜಾಸ್ತಿ ಆಗಿದೆ, ಮಾತ್ರೆ ಬದಲಾಯ್ಸಿ ಕೊಡಿ

ಮೊದಲ 24ರಿಂದ 48 ಗಂಟೆ ಕೆಂಪು ಸ್ವಲ್ಪ ಹರಡೋದು ಸಾಮಾನ್ಯ, ಬ್ಯಾಕ್ಟೀರಿಯಾ ಸಾಯುವಾಗ ಅದರೊಳಗಿರೋ ವಿಷವಸ್ತು ಆಚೆ ಬಂದು ಚರ್ಮ ಇನ್ನಷ್ಟು ಕೆರಳತ್ತೆ. ಕೆಂಪಾಗಿ ಬಿಸಿಯಾಗಿರೋ ಚರ್ಮಕ್ಕೆ ರಕ್ತ ಜಾಸ್ತಿನೇ ಹರೀತಿರತ್ತೆ, ಅಲ್ಲಿನ ರಕ್ತನಾಳ ಸೋರ್ತಾನೂ ಇರತ್ತೆ, ಅದರಿಂದ ಇಂಥ ಕಡೆ ಮಾತ್ರೆ ತಲುಪಲ್ಲ ಅನ್ನೋ ಭಯ ಬೇಡ. ಮೊದಲನೇ ದಿನನೇ ಕೆಂಪಿನ ಅಂಚಿಗೆ ಬಾಲ್‌ಪೆನ್ನಲ್ಲಿ ಗೆರೆ ಎಳೆದು ಪಕ್ಕದಲ್ಲಿ ಟೈಮ್ ಬರ್ಕೊಳ್ಳಿ, ಕಣ್ಣಂದಾಜು ಮೋಸ ಮಾಡತ್ತೆ, ಗೆರೆ ಮಾಡಲ್ಲ. ಕಾಲಾದ್ರೆ ದಿಂಬಿಟ್ಟು ಎದೆಗಿಂತ ಎತ್ತರಕ್ಕಿಡಿ, ತೋಟಕ್ಕೆ ಹೋಗಿ ನಿಂತ್ಕೋಬೇಡಿ, ಊತ ಇಳಿಯೋದ್ರಲ್ಲಿ ಮಾತ್ರೆಯಷ್ಟೇ ಪಾಲು ಇದಕ್ಕಿದೆ, ಆದ್ರೆ ಇದನ್ನ ಮಾಡೋರು ತೀರಾ ಕಮ್ಮಿ.

ಎರಡು ದಿನ ಆದ್ಮೇಲೂ ಗೆರೆ ದಾಟಿ ಹೋಗ್ತಿದ್ರೆ ತಿರುಗಿ ತೋರಿಸಿ. ಚರ್ಮ ನೀಲಿ ಕಪ್ಪಾದ್ರೆ, ಗುಳ್ಳೆ ಎದ್ರೆ, ನೋಡೋಕೆ ಸ್ವಲ್ಪನೇ ಇದ್ದು ನೋವು ಮಾತ್ರ ತಡೆಯೋಕಾಗದಂಗಿದ್ರೆ, ಚಳಿ ನಡುಕ ಬಂದ್ರೆ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿನೇ ದೊಡ್ಡಾಸ್ಪತ್ರೆಗೆ ಹೋಗಿ.

ಕೀವು ತುಂಬಿರೋ ಕುರು, ಕೊಯ್ಸೋಕೆ ಭಯ, ಮಾತ್ರೆಲೇ ಕರಗಲ್ವಾ?

ಕೀವಿನ ಒಳಗೆ ರಕ್ತನಾಳ ಇಲ್ಲ. ಮೈಯೇ ಅದರ ಸುತ್ತ ಗೋಡೆ ಕಟ್ಟಿರತ್ತೆ, ಒಳಗೆ ಸತ್ತ ಕೋಶ, ಹುಳಿ ವಾತಾವರಣ, ಆಮ್ಲಜನಕ ಕಮ್ಮಿ. ಹೊರಗಿಂದ ಸ್ವಲ್ಪ ಔಷಧಿ ಒಸರಿ ಹೋದ್ರೂ ಅಲ್ಲಿರೋ ಕಸವೇ ಅದನ್ನ ಹಿಡ್ಕೊಳ್ಳತ್ತೆ, ಜೆಂಟಾಮೈಸಿನ್ ಥರದವಂತೂ ಹುಳಿ ಇದ್ದ ಕಡೆ ಬಲಾನೇ ಕಳ್ಕೊಳ್ತವೆ. ಬ್ಯಾಕ್ಟೀರಿಯಾನೂ ಬೆಳೆಯೋದು ನಿಲ್ಲಿಸಿ ಸುಮ್ನೆ ಕೂತಿರ್ತವೆ, ಬೆಳೀತಿರೋವಾಗ ಹೊಡೆಯೋ ಪೆನ್ಸಿಲಿನ್ ಗುಂಪಿಗೆ ಅವು ಸಿಗಲ್ಲ. ಅದಕ್ಕೇ ಡಾಕ್ಟರ್ ಮರಗಟ್ಟೋ ಇಂಜೆಕ್ಷನ್ ಕೊಟ್ಟು ಸಣ್ಣದಾಗಿ ಕೊಯ್ದು ಕೀವು ತೆಗೀತಾರೆ, ಸಣ್ಣ ಕುರುವಿಗೆ ಎಷ್ಟೋ ಸಲ ಅಷ್ಟೇ ಸಾಕು. ಉಗುರುಸುತ್ತಿಗೆ ನಿಂಬೆಹಣ್ಣು ಸಿಕ್ಕಿಸ್ಕೊಂಡು ಬರ್ತಾರಲ್ಲ, ತಂಪು ಅನ್ಸಬಹುದು, ಆದ್ರೆ ಒಳಗೆ ಕೀವು ಕಟ್ಟಿದ್ರೆ ಅದಕ್ಕೂ ಇದೇ ದಾರಿ. ಮನೇಲಿ ಸೂಜಿಲಿ ಚುಚ್ಚೋದು, ಹಿಂಡೋದು ಬೇಡ, ಅದರಲ್ಲೂ ಮೂಗು ಮೇಲ್ತುಟಿ ಹತ್ರ ಇರೋದನ್ನ ಮುಟ್ಟಲೇಬೇಡಿ.

ಜಾಲಿ ಮುಳ್ಳು ಚುಚ್ಚಿ ತಿಂಗಳಾಯ್ತು, ಮಾತ್ರೆ ತಗೊಂಡಾಗ ವಾಸಿ, ಬಿಟ್ರೆ ಮತ್ತೆ ಕೀವು

ಇದನ್ನ ಕೇಳಿದಾಗೆಲ್ಲಾ ನಂಗೆ ನಮ್ಮಮ್ಮ ನೆನಪಾಗ್ತಾರೆ. ಬದು ಮೇಲೆ ಹೋಗ್ತಾ ಬಳ್ಳಾರಿ ಜಾಲಿ ಮುಳ್ಳು ಹಿಮ್ಮಡಿ ಪಕ್ಕ ಹೊಕ್ತು, ಎಳೆದು ಬಿಸಾಕಿದ್ರು, ಪೂರ್ತಿ ಬಂತು ಅಂದ್ಕೊಂಡ್ರು. ಒಂದು ಕ್ಲಿನಿಕ್ಕಲ್ಲಿ ಐದು ದಿನ ಮಾತ್ರೆ, ಆಮೇಲೆ ನಾನೇ ಅಂಗಡಿಯಿಂದ ಇನ್ನೊಂದು ಸ್ಟ್ರಿಪ್ ಕೊಟ್ಟೆ, ಆಮೇಲೆ ಮತ್ತೊಂದು ಕಡೆ ಇನ್ನೂ ಸ್ಟ್ರಾಂಗ್ ಅಂತ ಬೇರೆ ಮಾತ್ರೆ, ಎಕ್ಸ್‌ರೇಲಿ ಏನೂ ಇಲ್ಲ ಅಂದ್ರು. ಮುಳ್ಳು, ಮರದ ಚೂರು ಎಕ್ಸ್‌ರೇಲಿ ಸಾಮಾನ್ಯವಾಗಿ ಕಾಣಲ್ಲ ಅನ್ನೋದು ಆಗ ನಂಗೆ ಹೊಳೀಲೇ ಇಲ್ಲ. ಕೊನೆಗೆ ಸ್ಕ್ಯಾನಿಂಗ್ ಮಾಡಿದ ಡಾಕ್ಟರ್ ತೋರಿಸಿದ್ರು, ಕೊಯ್ದು ತೆಗೆದಾಗ ಟ್ರೇನಲ್ಲಿ ಅಕ್ಕಿಕಾಳಿನಷ್ಟುದ್ದ ಕಪ್ಪು ತುದಿ, ಒದ್ದೆಯಾಗಿ ಮೆತ್ತಗಾಗಿತ್ತು. ಹತ್ತು ದಿನದಲ್ಲಿ ಮಾಯ್ತು.

ಆ ಮುಳ್ಳಿನ ಮೈಮೇಲೆ ಬ್ಯಾಕ್ಟೀರಿಯಾ ಲೋಳೆ ಥರ ಪದರ ಕಟ್ಕೊಂಡಿರತ್ತೆ, ಹಳೇ ನೀರಿನ ತೊಟ್ಟಿ ಒಳಗೆ ಕೈಯಾಡಿಸಿದ್ರೆ ಜಾರತ್ತಲ್ಲ ಹಂಗೆ, ಬಯೋಫಿಲ್ಮ್ ಅಂತಾರೆ. ಮುಳ್ಳಿಗೆ ರಕ್ತ ಹರಿಯಲ್ಲ. ಸುತ್ತಲ ಚರ್ಮಕ್ಕೆ ಮಾತ್ರೆ ಚೆನ್ನಾಗೇ ಹೋಗತ್ತೆ, ಅದಕ್ಕೇ ತಗೊಂಡಷ್ಟು ದಿನ ವಾಸಿಯಾದಂಗೆ ಕಾಣೋದು. ವಾಸಿ ಆಗಿ ಆಗಿ ಅದೇ ಜಾಗದಲ್ಲಿ ತಿರುಗಿ ಬರ್ತಿದ್ರೆ ನಾಲ್ಕನೇ ಮಾತ್ರೆ ಕೇಳಬೇಡಿ, ಒಳಗೆ ಏನಾದ್ರೂ ಉಳಿದಿದ್ಯಾ ಸ್ಕ್ಯಾನ್ ಮಾಡಿ ಅಂತ ಬಾಯಿಬಿಟ್ಟು ಕೇಳಿ.

ನಮ್ಮಪ್ಪನಿಗೆ ಶುಗರ್, ಕಾಲ್ಬೆರಳ ಗಾಯ, ಅದೇ ಮಾತ್ರೆ ನಂಗೆ ವಾಸಿ ಮಾಡ್ತು ಅವರಿಗೆ ಮಾಡ್ತಿಲ್ಲ

ಮಾತ್ರೆ ಅದೇ, ಪೈಪ್ ಬೇರೆ. ವರ್ಷಗಟ್ಟಲೆ ಶುಗರ್ ಇದ್ದೋರಿಗೆ ಮೊಣಕಾಲ ಕೆಳಗಿನ ರಕ್ತನಾಳಗಳಲ್ಲಿ ಸುಣ್ಣ ಕಟ್ಕೊಂಡು ದಾರಿ ಕಿರಿದಾಗಿರತ್ತೆ, ಲೈನಿನ ಕೊನೇ ಡ್ರಿಪ್ಪರಿಗೆ ನೀರೇ ಬರದಂಗೆ ಬೆರಳ ತುದಿಗೆ ರಕ್ತ ಕಮ್ಮಿ, ಔಷಧಿನೂ ಕಮ್ಮಿ. ವ್ಯಾಂಕೊಮೈಸಿನ್ ಮೇಲೆ ಒಂದು ಅಧ್ಯಯನ ಆಗಿದೆ, ಹೃದಯದ ಆಪರೇಷನ್ ಆದೋರಲ್ಲಿ ಅಳೆದು ನೋಡಿದ್ರೆ ಚರ್ಮದ ಕೆಳಗಿನ ಪದರದಲ್ಲಿ ಸಿಕ್ಕಿದ್ದು ಶುಗರ್ ಇಲ್ಲದೋರಿಗೆ ರಕ್ತದಲ್ಲಿದ್ದದ್ರ ಸುಮಾರು ಮೂರನೇ ಒಂದು ಪಾಲು, ಶುಗರ್ ಇದ್ದೋರಿಗೆ ಸುಮಾರು ಹತ್ತನೇ ಒಂದು. ಜೊತೆಗೆ ಶುಗರ್ ಏರಿದ್ರೆ ಬಿಳಿ ರಕ್ತಕಣಗಳೂ ಮಂಕಾಗ್ತವೆ, ನರ ಸತ್ತಿದ್ರೆ ನೋವೂ ಗೊತ್ತಾಗಲ್ಲ, ಅಪ್ಪ ಏನೂ ನೋವಿಲ್ಲ ಬಿಡು ಅಂದ್ರೆ ಅದನ್ನ ಸಮಾಧಾನ ಅಂತ ತಗೋಬೇಡಿ.

ಡಾಕ್ಟರ್ ಹತ್ರ ಹೋದಾಗ ಪಾದದ ಮೇಲಿನ ನಾಡಿ ಹಿಡಿದು ನೋಡಿ, ಬೇಕಾದ್ರೆ ಡಾಪ್ಲರ್ (ರಕ್ತ ಹೆಂಗೆ ಹರೀತಿದೆ ಅಂತ ನೋಡೋ ಸ್ಕ್ಯಾನ್) ಮಾಡಿಸಿ ಅಂತ ಕೇಳಿ. ರಕ್ತನಾಳ ಕಟ್ಟಿದ್ರೆ ಅದನ್ನ ತೆರೆಸೋದು, ಸತ್ತ ಚರ್ಮ ಕತ್ತರಿಸಿ ತೆಗೆಸೋದು, ಮೂಳೆಗೆ ಇಳಿದಿದ್ಯಾ ನೋಡಿಸೋದು, ಶುಗರ್ ಇಳಿಸೋದು, ಆ ಕಾಲ ಮೇಲೆ ಭಾರ ಹಾಕದೇ ಇರೋದು, ಇಷ್ಟೂ ನಡೀದಿದ್ರೆ ಮಾತ್ರೆ ಒಂದೇ ಏನೂ ಮಾಡಲ್ಲ. ಬೆರಳು ಕಪ್ಪಾದ್ಮೇಲೆ ಬರೋರನ್ನ ನೋಡಿ ನೋಡಿ ಸಾಕಾಗಿದೆ, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು.

ಸೆಫಿಕ್ಸಿಮ್ ಹೈ ಪವರ್ ಅಂತ ಕೊಟ್ರು, ಕುರುಗೆ ಏನೂ ಆಗಲಿಲ್ಲ ಯಾಕೆ?

ತಲುಪೋದು ಒಂದು, ತಲುಪಿದ ಮೇಲೆ ಕೊಲ್ಲೋದು ಇನ್ನೊಂದು. ಕುರು, ಕೀವು ಇವಕ್ಕೆ ಹೆಚ್ಚಾಗಿ ಕಾರಣ ಸ್ಟ್ಯಾಫಿಲೋಕಾಕಸ್ ಆರಿಯಸ್, ಸೆಫಿಕ್ಸಿಮ್ ಅದರ ಮೇಲೆ ಕೆಲಸಕ್ಕೇ ಬರಲ್ಲ. ಬರೀ ಅಮಾಕ್ಸಿಸಿಲಿನ್‌ನ ಆ ಬ್ಯಾಕ್ಟೀರಿಯಾ ತನ್ನ ಕಿಣ್ವದಿಂದ ತುಂಡು ಮಾಡಿ ಹಾಕತ್ತೆ, ಅದಕ್ಕೇ ಕ್ಲಾವುಲನೇಟ್ ಸೇರಿಸೋದು. ಎಂಆರ್‌ಎಸ್‌ಎ (ಪೆನ್ಸಿಲಿನ್ ಗುಂಪಿಗೆ ಜಗ್ಗದ ಅದೇ ಸ್ಟ್ಯಾಫಿಲೋಕಾಕಸ್) ಆಗಿದ್ರೆ ಅದಕ್ಕೂ ಬಗ್ಗಲ್ಲ, ಕೀವು ಕಲ್ಚರ್‌ಗೆ (ಲ್ಯಾಬಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡೋ ಪರೀಕ್ಷೆ) ಕಳಿಸಿ ನೋಡೇ ಔಷಧಿ ಹಾಕ್ಬೇಕು. ಹೊಸದು, ದುಬಾರಿ ಅಂದ ಮಾತ್ರಕ್ಕೆ ಚರ್ಮಕ್ಕೆ ಒಳ್ಳೇದು ಅಂತಲ್ಲ, ಹಳೇ ಸೆಫಲೆಕ್ಸಿನ್ ಇಲ್ಲಿ ಎಷ್ಟೋ ಮೇಲು. ಸೆಫಿಕ್ಸಿಮ್ 2014ರಿಂದ ಶೆಡ್ಯೂಲ್ ಎಚ್1 ಅನ್ನೋ ಸರ್ಕಾರಿ ಪಟ್ಟಿಲಿದೆ, ಚೀಟಿ ಇಲ್ದೆ ಕೊಡೋ ಹಾಗೇ ಇಲ್ಲ, ರಿಜಿಸ್ಟರಲ್ಲಿ ಬರೀಬೇಕು. ಗಜಕರ್ಣ, ಸರ್ಪಸುತ್ತು ಇವಂತೂ ಬ್ಯಾಕ್ಟೀರಿಯಾನೇ ಅಲ್ಲ, ಅವಕ್ಕೆ ಯಾವ ಆಂಟಿಬಯೋಟಿಕ್ ಎಷ್ಟು ತಲುಪಿದ್ರೂ ಪ್ರಯೋಜನ ಇಲ್ಲ.

ಓದ್ತಿರೋ ಹುಡುಗರು ಕೇಳೋದು

ಚರ್ಮದೊಳಗೆ ಎಷ್ಟು ಹೋಯ್ತು ಅಂತ ಅಳೆಯೋದು ಹೆಂಗಣ್ಣ?

ಫಾರ್ಮಸಿ, ನರ್ಸಿಂಗ್ ಓದೋ ಮಕ್ಕಳು ಕೇಳ್ತಾರೆ, ಖುಷಿ ಆಗತ್ತೆ. ಹಿಂದೆ ಚರ್ಮದ ಚೂರು ಕತ್ತರಿಸಿ ಅರೆದು ಅಳೀತಿದ್ರು. ಅದರಲ್ಲಿ ಕೋಶದ ಒಳಗಿಂದು, ಸಂದಿ ನೀರಿಂದು, ರಕ್ತದ್ದು ಎಲ್ಲಾ ಕಲಸಿಹೋಗತ್ತೆ. ಅಜಿತ್ರೋಮೈಸಿನ್ ಕೋಶದ ಒಳಗೆ ಹೋಗಿ ಗುಡ್ಡೆ ಬೀಳತ್ತೆ, ಅರೆದು ಅಳೆದ್ರೆ ಬಹಳ ಇದೆ ಅಂತ ಕಾಣತ್ತೆ, ಬ್ಯಾಕ್ಟೀರಿಯಾ ಇರೋ ಸಂದಿ ನೀರಲ್ಲಿ ಮಾತ್ರ ಕಮ್ಮಿ. ಪೆನ್ಸಿಲಿನ್ ಗುಂಪು ಕೋಶದೊಳಗೆ ಅಷ್ಟಾಗಿ ಹೋಗಲ್ಲ, ಅರೆದ್ರೆ ಇರೋದಕ್ಕಿಂತ ಕಮ್ಮಿ ಕಾಣತ್ತೆ. ಇನ್ನೊಂದು ದಾರಿ, ಚರ್ಮನ ಮೆಲ್ಲಗೆ ಹೀರಿ ಗುಳ್ಳೆ ಎಬ್ಬಿಸಿ ಅದರ ನೀರು ಅಳೆಯೋದು. ಈಗ ಹೆಚ್ಚು ನಂಬೋದು ಮೈಕ್ರೋಡಯಾಲಿಸಿಸ್, ದಾರದಷ್ಟು ಸಣ್ಣ ಕೊಳವೆನ ಚರ್ಮದ ಕೆಳಗೆ ತೂರಿಸಿ ಸಲೈನ್ ಥರದ ದ್ರವನ ನಿಧಾನಕ್ಕೆ ಹರಿಸ್ತಾರೆ, ಕೊಳವೆ ಗೋಡೆಲಿ ಕಣ್ಣಿಗೆ ಕಾಣದ ತೂತುಗಳು, ಸಂದಿ ನೀರಲ್ಲಿರೋ ಬಿಡಿ ಔಷಧಿ ಮಾತ್ರ ಅದರೊಳಗೆ ಬರತ್ತೆ, ಹಂಗೆ ಗಂಟೆ ಗಂಟೆಗೂ ತೆಗೆದು ಅಳೀತಾರೆ.

ಪ್ರೋಟೀನ್ ಬೈಂಡಿಂಗ್ ಜಾಸ್ತಿ ಇದ್ರೆ ಚರ್ಮಕ್ಕೆ ಹೋಗಲ್ಲ ಅಂತ ಓದಿದೆ, ಮತ್ತೆ ಕ್ಲಾಕ್ಸಾಸಿಲಿನ್ ಯಾಕೆ ಕೊಡ್ತಾರೆ?

ರಕ್ತದಲ್ಲಿ ಆಲ್ಬುಮಿನ್ ಅನ್ನೋ ಪ್ರೋಟೀನ್ ಇದೆ, ಅದಕ್ಕೆ ಅಂಟ್ಕೊಂಡಿರೋ ಔಷಧಿ ರಕ್ತನಾಳದಿಂದ ಸುಲಭಕ್ಕೆ ಇಳಿಯಲ್ಲ, ಬಿಡಿಯಾಗಿರೋದೇ ಇಳಿಯೋದು, ಕೊಲ್ಲೋದೂ ಅದೇ. ಕ್ಲಾಕ್ಸಾಸಿಲಿನ್ ನೂರಕ್ಕೆ ತೊಂಬತ್ತೈದರ ಹತ್ರ ಅಂಟಿರತ್ತೆ, ಸೆಫಲೆಕ್ಸಿನ್ ಬರೀ ಹತ್ತು ಹದಿನೈದು. ಹಂಗಂತ ಕ್ಲಾಕ್ಸಾಸಿಲಿನ್ ಸೋಲಲ್ಲ, ಯಾಕಂದ್ರೆ ಸ್ಟ್ಯಾಫ್ (ಕುರು ಮಾಡೋ ಆ ಸ್ಟ್ಯಾಫಿಲೋಕಾಕಸ್) ಕೊಲ್ಲೋಕೆ ಅದು ಬಹಳ ಸ್ವಲ್ಪ ಸಾಕು. ಎಷ್ಟು ತಲುಪ್ತು ಅನ್ನೋದನ್ನ ಎಷ್ಟು ಬೇಕಿತ್ತು ಅನ್ನೋದ್ರ ಪಕ್ಕ ಇಟ್ಟೇ ಓದ್ಬೇಕು, ಬರೀ ಪರ್ಸೆಂಟ್ ನೋಡಿದ್ರೆ ದಾರಿ ತಪ್ತೀರ.

ಆಪರೇಷನ್‌ಗೆ ಮುಂಚೆನೇ ಯಾಕೆ ಆಂಟಿಬಯೋಟಿಕ್, ಆಮೇಲೆ ಕೊಟ್ರೆ ಆಗಲ್ವಾ?

1961ರಲ್ಲಿ ಜಾನ್ ಬರ್ಕ್ ಅನ್ನೋ ಅಮೆರಿಕದ ಸರ್ಜನ್ ಗಿನಿಪಿಗ್ ಚರ್ಮದಲ್ಲೇ ಇದನ್ನ ತೋರಿಸಿದ್ರು. ಬ್ಯಾಕ್ಟೀರಿಯಾ ಚರ್ಮಕ್ಕೆ ಬರೋ ಮುಂಚೆನೇ ಔಷಧಿ ಅಲ್ಲಿದ್ರೆ ಗಾಯ ಬಹಳ ಚಿಕ್ಕದಾಗೇ ಉಳೀತು, ತಡ ಆದಷ್ಟೂ ಉಪಯೋಗ ಕಮ್ಮಿ ಆಗ್ತಾ ಹೋಯ್ತು, ಮೂರು ಗಂಟೆ ಕಳೆದ್ರೆ ಕೊಟ್ಟಿದ್ದೂ ಒಂದೇ ಕೊಡದಿದ್ದೂ ಒಂದೇ. ಅದಕ್ಕೇ ಈಗ ಸೆಫಜೋಲಿನ್ ಅನ್ನೋ ಆಂಟಿಬಯೋಟಿಕ್ ಇಂಜೆಕ್ಷನ್‌ನ ಚಾಕು ಹಾಕೋಕೆ ಮುಂಚೆ ಒಂದು ಗಂಟೆ ಒಳಗೆ ಕೊಡೋದು, ಕೊಯ್ಯೋ ಹೊತ್ತಿಗೆ ಚರ್ಮದಲ್ಲಿ ಔಷಧಿ ತುಂಬಿರ್ಬೇಕು. ತೂಕ 120 ಕೆಜಿ ಮೇಲಿದ್ರೆ 2 ಗ್ರಾಂ ಬದಲು 3 ಗ್ರಾಂ ಕೊಡ್ತಾರೆ, ಕೊಬ್ಬಿನಲ್ಲಿ ರಕ್ತ ಓಡಾಟ ಕಮ್ಮಿ.

ಬಿಸಿನೀರು ಬಿದ್ದು ಕೈ ಸುಟ್ಟಿದೆ, ಆಸ್ಪತ್ರೆಲಿ ಕ್ರೀಮ್ ಮಾತ್ರ ಕೊಟ್ರು, ಆಂಟಿಬಯೋಟಿಕ್ ಮಾತ್ರೆ ಕೊಡಲೇ ಇಲ್ಲ

ಇದು ನೂಲು ತೆಗೆಯೋರು ಕೇಳೋ ಪ್ರಶ್ನೆ, ಆಸ್ಪತ್ರೆಯೋರು ಸರಿಯಾಗೇ ಮಾಡಿದ್ದಾರೆ. ಆಳವಾಗಿ ಸುಟ್ಟ ಕಡೆ ಚರ್ಮದ ರಕ್ತನಾಳಗಳೂ ಸತ್ತು ಮೇಲೆ ಗಟ್ಟಿ ಪೊರೆ ಕಟ್ಟಿರತ್ತೆ, ನುಂಗಿದ ಮಾತ್ರೆಗೆ ಅಲ್ಲಿ ಇಳಿಯೋಕೆ ದಾರಿ ಇಲ್ಲ. ಮೇಲಿಂದ ಹಚ್ಚೋದೇ ಹತ್ತಿರದ ದಾರಿ, ಅದಕ್ಕೆ 1% ಸಿಲ್ವರ್ ಸಲ್ಫಾಡಯಜಿನ್ ಥರದ ಕ್ರೀಮು. ಸೋಂಕು ಬರದೇ ಇರ್ಲಿ ಅಂತ ಮುಂಚೆನೇ ಮಾತ್ರೆ ಕೊಟ್ರೆ ಗಟ್ಟಿ ಬ್ಯಾಕ್ಟೀರಿಯಾನ ಆರಿಸಿ ಉಳಿಸಿದಂಗಾಗತ್ತೆ. ಜ್ವರ ಬಂದ್ರೆ, ಸುಟ್ಟ ಜಾಗದ ಸುತ್ತಲಿನ ಒಳ್ಳೇ ಚರ್ಮ ಕೆಂಪಾಗಿ ಬಿಸಿ ಆದ್ರೆ, ವಾಸನೆ ಬಂದ್ರೆ ಆಗ ಬೇಕಾಗತ್ತೆ, ಅದೇ ದಿನ ಹೋಗಿ. ಅಲ್ಲಿ ತನಕ ಡ್ರೆಸ್ಸಿಂಗ್ ಒದ್ದೆ ಮಾಡ್ಕೋಬೇಡಿ, ಗಾಯ ಮಾಯೋ ತನಕ ನೂಲು ತೆಗೆಯೋ ಕೆಲಸಕ್ಕೆ ಆ ಕೈ ಹಾಕಬೇಡಿ.